ಬಸ್ಸಲ್ಲಿ ಕಳವಾದರೆ ಯಾವ ಠಾಣೆಗೆ ಹೋಗಬೇಕು? ಗೃಹ ಮತ್ತು ಸಾರಿಗೆ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಗೃಹ ಸಚಿವರು ಮತ್ತು ಮಾನ್ಯ ಸಾರಿಗೆ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಬಸ್ಸು ಮತ್ತು ಬಸ್ ನಿಲ್ದಾಣದ ಕಳ್ಳತನಗಳ ದೂರನ್ನು ಠಾಣೆಗಳು ಒಂದರಿಂದ ಇನ್ನೊಂದಕ್ಕೆ ತಳ್ಳುತ್ತಿರುವ ಬಗ್ಗೆ.

ಮಾನ್ಯರೇ,

ಇಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಅದಕ್ಕೆ ಕಾರಣ ಇದೆ. ಬಸ್ಸು ಒಬ್ಬರ ಇಲಾಖೆ, ಕಳ್ಳರನ್ನು ಹಿಡಿಯುವುದು ಇನ್ನೊಬ್ಬರ ಇಲಾಖೆ. ಕಳ್ಳ ಬಸ್ಸು ಹತ್ತಿದ ಮೇಲೆ ಅವನು ಯಾರ ಪಾಲು ಅನ್ನುವುದು ಮಾತ್ರ ನಮ್ಮಂಥ ಪ್ರಯಾಣಿಕರಿಗೆ ಇವತ್ತಿಗೂ ಗೊತ್ತಾಗಿಲ್ಲ. ಬೇರೆ ಬೇರೆ ಬರೆದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುವುದು ಸುಲಭ. ಆದ್ದರಿಂದ ದಯವಿಟ್ಟು ಒಟ್ಟಿಗೇ ಕೂತು ಓದಬೇಕು.

ನಾನು ತಾಲ್ಲೂಕು ಕೇಂದ್ರದಿಂದ ಜಿಲ್ಲಾ ಕೇಂದ್ರಕ್ಕೆ ಕೆಲಸಕ್ಕಾಗಿ ದಿನಾ ಸರ್ಕಾರಿ ಬಸ್ಸಲ್ಲಿ ಓಡಾಡುವವನು. ಕೈಯಲ್ಲಿ ಪಾಸ್ ಇದೆ, ಕಂಡಕ್ಟರ್‌ಗಳ ಮುಖಪರಿಚಯ ಇದೆ. ಯಾವ ಬಸ್ಸು ಯಾವ ತಿರುವಿನಲ್ಲಿ ಕೆಮ್ಮುತ್ತದೆ ಅನ್ನುವುದೂ ಗೊತ್ತು. ಸರ್ಕಾರಿ ಬಸ್ಸಿನ ಮೇಲೆ ನನಗೆ ಪ್ರೀತಿ ಇದೆ. ಬಸ್ಸನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ. ಊರಿನ ಹೆಸರು, ಠಾಣೆಯ ಹೆಸರನ್ನೂ ಬೇಕಂತಲೇ ಬಿಟ್ಟಿದ್ದೇನೆ. ಹೆಸರು ಹಾಕಿದರೆ ಅಲ್ಲಿನ ಒಬ್ಬ ಹೆಡ್ ಕಾನ್‌ಸ್ಟೆಬಲ್‌ಗೆ ನೋಟಿಸ್ ಹೋಗುತ್ತದೆ, ವಿಷಯ ಅಲ್ಲಿಗೇ ಮುಗಿಯುತ್ತದೆ. ಅದು ನನಗೆ ಬೇಡ.

ಕಳೆದ ಮದುವೆ ಸೀಸನ್‌ನಲ್ಲಿ ನಡೆದದ್ದನ್ನು ಹೇಳುತ್ತೇನೆ. ಹಳ್ಳಿಯ ಹೆಣ್ಣುಮಗಳೊಬ್ಬರು ಚಿಕ್ಕ ಮಗಳ ಜೊತೆ ತವರಿನ ಗೃಹಪ್ರವೇಶಕ್ಕೆ ಹೊರಟಿದ್ದರು. ಕುತ್ತಿಗೆಯಲ್ಲಿ ಸರ ಹಾಕಿಕೊಂಡರೆ ಭಯ ಅಂತ ನೆಕ್ಲೇಸು, ಜುಮುಕಿ ಎರಡನ್ನೂ ಸಣ್ಣ ಪರ್ಸಿಗೆ ಹಾಕಿ, ಪರ್ಸನ್ನು ವ್ಯಾನಿಟಿ ಬ್ಯಾಗಿನಲ್ಲಿಟ್ಟಿದ್ದರು. ಬಸ್ಸು ಹೊರಟಾಗ ಕಾಲಿಡಲು ಜಾಗ ಇರಲಿಲ್ಲ. ಕಂಡಕ್ಟರ್ ಜನರನ್ನು ಸರಿಸಿಕೊಂಡು ಅವರ ಹತ್ತಿರ ಬರುವಷ್ಟರಲ್ಲಿ ಎರಡು ಮೂರು ಸ್ಟಾಪ್ ದಾಟಿದ್ದವು. ಉಚಿತ ಟಿಕೆಟ್‌ಗೆ ಆಧಾರ್ ತೋರಿಸಬೇಕಲ್ಲ, ತೆಗೆಯಲು ಹೋದರು. ಬ್ಯಾಗಿನ ಜಿಪ್ ಮೊದಲೇ ತೆರೆದಿತ್ತು. ಆಧಾರ್ ಇತ್ತು, ಬಾಚಣಿಗೆ ಇತ್ತು, ಮಗುವಿನ ಬಿಸ್ಕೆಟ್ ಪೊಟ್ಟಣ ಇತ್ತು. ಪರ್ಸ್ ಇರಲಿಲ್ಲ.

ಕಂಡಕ್ಟರ್ ಸೀಟಿ ಊದಿದರು. ಡ್ರೈವರ್ ತಡ ಮಾಡದೆ ಬಸ್ಸನ್ನು ದಾರಿಯಲ್ಲಿದ್ದ ಪೊಲೀಸ್ ಠಾಣೆಯ ಮುಂದೆಯೇ ತಂದು ನಿಲ್ಲಿಸಿದರು. ಇಬ್ಬರೂ ಮಾಡಿದ್ದು ಸರಿಯಾದ ಕೆಲಸ, ಅವರಿಗೆ ಈ ಮೂಲಕ ನಮಸ್ಕಾರ. ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ಇಳಿಸಿ ಚೀಲ ನೋಡಿದರು. ಹೆಂಗಸರ ಚೀಲ ನೋಡಲು ಮಹಿಳಾ ಸಿಬ್ಬಂದಿ ಬರುವವರೆಗೂ ಕಾಯಬೇಕಾಯಿತು. ಪರೀಕ್ಷೆಗೆ ಹೊರಟ ಹುಡುಗರು ಗಡಿಯಾರ ನೋಡುತ್ತಿದ್ದರು. ಆಸ್ಪತ್ರೆಗೆ ಹೊರಟ ಅಜ್ಜ ಠಾಣೆಯ ಕಟ್ಟೆಯ ಮೇಲೆ ಕೂತುಬಿಟ್ಟರು. ಏನೂ ಸಿಗಲಿಲ್ಲ. ಸಿಗುವುದೂ ಇಲ್ಲ. ಇಂಥ ಕೆಲಸ ಮಾಡುವವರು ಮುಂದಿನ ಸ್ಟಾಪಿನಲ್ಲೇ ಇಳಿದು ಹೋಗಿರುತ್ತಾರೆ ಅನ್ನುವುದು ಆ ರೂಟಿನ ಕಡಲೆಕಾಯಿ ಮಾರುವವರಿಗೂ ಗೊತ್ತು.

ಆಮೇಲಿನ ಕತೆಗೇ ನಾನು ಈ ಪತ್ರ ಬರೆಯುತ್ತಿರುವುದು. ಆ ಠಾಣೆಯಲ್ಲಿ, "ಇದು ನಮ್ಮ ಲಿಮಿಟ್ಸ್ ಅಲ್ಲಮ್ಮ. ಬಸ್ ಸ್ಟ್ಯಾಂಡಲ್ಲೇ ಹೊಡೆದಿರ್ತಾರೆ. ಅಲ್ಲಿ ಹೋಗಿ ಬರೆದುಕೊಡಿ" ಅಂದರು. ಬಸ್ಸು ಮುಂದೆ ಹೋಯಿತು. ಆಯಮ್ಮ ಮಗುವನ್ನು ಕಟ್ಟಿಕೊಂಡು ಹಿಂದಕ್ಕೆ ಹೋಗುವ ಬಸ್ಸು ಹತ್ತಿದರು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಆಫೀಸಿಗೆ ಫೋನ್ ಮಾಡಿ ಜೊತೆಗೆ ಹೋದೆ. ನಿಲ್ದಾಣದ ಪಕ್ಕದ ಠಾಣೆಯವರು ಎಲ್ಲ ಕೇಳಿಸಿಕೊಂಡರು, ನೀರೂ ಕೊಟ್ಟರು. ಆಮೇಲೆ, "ನಿಮಗೆ ಗೊತ್ತಾಗಿದ್ದು ಆ ಕಡೆ. ನಮ್ಮಲ್ಲೇ ಹೋಯ್ತು ಅನ್ನೋಕೆ ಏನು ಗ್ಯಾರಂಟಿ? ದಾರಿಲಿ ಹೊಡೆದಿದ್ರೆ?" ಅಂದರು. ಮುಂದಿನ ಪ್ರಶ್ನೆ, "ಬಿಲ್ ಇದೆಯಾ?" ಅಮ್ಮನ ಹಳೇ ಸರ ಅಳಿಸಿ ಮಾಡಿಸಿದ ಒಡವೆಗೆ ಎಲ್ಲಿಯ ಬಿಲ್ಲು ಸ್ವಾಮಿ?

ಕೊನೆಗೆ ಒಂದು ದಾರಿ ಹೇಳಿದರು. "ಪ್ರಯಾಣದಲ್ಲಿ ಪರ್ಸ್ ಕಳೆದುಹೋಗಿದೆ ಅಂತ ಬರ್ಕೊಡಿ, ಸ್ವೀಕೃತಿ ಹಾಕಿಕೊಡ್ತೀವಿ." ಹೊತ್ತು ಇಳಿಯುತ್ತಿತ್ತು. ಮಗು ಹಸಿದಿತ್ತು. ಅವರು ಹೇಳಿದ ಹಾಗೇ ಬರೆದುಕೊಟ್ಟು, ಸೀಲು ಹೊಡೆದ ಹಾಳೆಯನ್ನು ಬ್ಯಾಗಿಗೆ ಹಾಕಿಕೊಂಡು ತವರಿಗೆ ಹೊರಟರು. ಅಷ್ಟಕ್ಕೆ ನಮ್ಮ ಜಿಲ್ಲೆಯಲ್ಲಿ ಆ ದಿನ ಆ ಕಳ್ಳತನ ನಡೆಯಲೇ ಇಲ್ಲ ಅಂತಾಯಿತು. ಎಫ್‌ಐಆರ್ ಇಲ್ಲ, ತನಿಖೆ ಇಲ್ಲ. ನಿಲ್ದಾಣದ ಕ್ಯಾಮೆರಾದಲ್ಲಿ ಏನಿದೆ ಅಂತ ನೋಡುವ ಜವಾಬ್ದಾರಿ ಯಾರ ಮೇಲೂ ಇಲ್ಲ.

ನಮ್ಮ ಬಸ್ಸಿನಲ್ಲೇ ದಿನಾ ಬರುವ ವಕೀಲರೊಬ್ಬರ ಹತ್ತಿರ ಇದನ್ನೆಲ್ಲ ಹೇಳಿದೆ. ಅವರು ಕಾನೂನು ತೋರಿಸಿದರು. ಗೃಹ ಸಚಿವರಿಗೆ ಕಾನೂನು ಹೇಳುವಷ್ಟು ದೊಡ್ಡವನು ನಾನಲ್ಲ. ಆದರೆ ಇದನ್ನು ಠಾಣೆಗಳಿಗೆ ಯಾರಾದರೂ ಹೇಳಬೇಕಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಬಹುದಾದ ಅಪರಾಧದ (ಕಾನೂನಿನ ಮಾತಿನಲ್ಲಿ ಸಂಜ್ಞೇಯ ಅಪರಾಧ) ಮಾಹಿತಿಯನ್ನು ಅದು ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಕೊಡಬಹುದು. ಅದಕ್ಕೇ ಜೀರೋ ಎಫ್‌ಐಆರ್ ಅನ್ನುವುದು. ಬರೆದುಕೊಂಡು ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸುವುದು ಪೊಲೀಸರ ಕೆಲಸ, ದೂರು ಕೊಟ್ಟವರು ಊರೂರು ಅಲೆಯುವುದಲ್ಲ. ಎಲೆಕ್ಟ್ರಾನಿಕ್ ರೂಪದಲ್ಲೂ ದೂರು ಕಳಿಸಬಹುದು, ಮೂರು ದಿನದೊಳಗೆ ಬಂದು ಸಹಿ ಹಾಕಿದರೆ ಆಯಿತು. ಎಫ್‌ಐಆರ್ ಪ್ರತಿಯನ್ನು ದುಡ್ಡಿಲ್ಲದೆ ಕೊಡಬೇಕು ಅಂತಲೂ ಅದೇ ಕಲಂನಲ್ಲಿದೆ. ಇಂಥ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ.

ಇದಕ್ಕಿಂತ ನನಗೆ ಆಶ್ಚರ್ಯವಾದದ್ದು ಅದೇ ಸಂಹಿತೆಯ 203ನೇ ಕಲಂ. ಪ್ರಯಾಣದ ನಡುವೆ ಅಪರಾಧ ನಡೆದರೆ, ಆ ವ್ಯಕ್ತಿ ಅಥವಾ ವಸ್ತು ಹಾದುಹೋದ ಯಾವ ಊರಿನ ನ್ಯಾಯಾಲಯ ಬೇಕಾದರೂ ವಿಚಾರಣೆ ಮಾಡಬಹುದು ಅನ್ನುತ್ತದೆ ಅದು. ಹೊಸ ಮಾತೂ ಅಲ್ಲ. 1973ರ ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 183ನೇ ಕಲಂ ಇದನ್ನೇ ಹೇಳುತ್ತಿತ್ತು. ಅಂದರೆ ಓಡುವ ಗಾಡಿಯಲ್ಲಿ ಎಲ್ಲಿ ಕಳವಾಯಿತು ಅಂತ ಯಾರಿಗೂ ಕರಾರುವಾಕ್ಕಾಗಿ ಹೇಳಲು ಆಗುವುದಿಲ್ಲ ಅನ್ನುವುದು ಕಾನೂನು ಬರೆದವರಿಗೆ ಗೊತ್ತಿತ್ತು. ಅದಕ್ಕೆ ಉತ್ತರವನ್ನೂ ಬರೆದಿಟ್ಟಿದ್ದಾರೆ. ಹಾಗಿದ್ದ ಮೇಲೆ "ನಮ್ಮ ಲಿಮಿಟ್ಸ್ ಅಲ್ಲ" ಅನ್ನುವ ಮಾತು ಎಲ್ಲಿಂದ ಬಂತು?

ಇನ್ನೊಂದು ವಿಷಯ ಇದೆ. ಯಾವ ಅಪರಾಧಕ್ಕೆ ಎಷ್ಟು ಶಿಕ್ಷೆ ಅಂತ ಹೇಳುವ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ, ಜನರನ್ನು ಅಥವಾ ಸರಕು ಸಾಗಿಸುವ ವಾಹನದಿಂದ ವಸ್ತು ಕದಿಯುವುದಕ್ಕೆ ಏಳು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಸಾಮಾನ್ಯ ಕಳ್ಳತನಕ್ಕೆ, ಮೊದಲ ಸಲ ಸಿಕ್ಕಿಬಿದ್ದವರಿಗೆ, ಮೂರು ವರ್ಷದವರೆಗೆ. ಬಸ್ಸಿನ ಕಳ್ಳತನ ಇನ್ನೂ ಗಂಭೀರ ಅಂತ ಕಾನೂನೇ ಹೇಳುತ್ತಿರುವಾಗ, ಠಾಣೆಯ ಮೇಜಿನ ಮೇಲೆ ಅದು ಕೊಡೆ ಮರೆತು ಬಂದ ಲೆಕ್ಕಕ್ಕೆ ಇಳಿಯುತ್ತದೆ.

ಠಾಣೆಗಳು ಹೀಗೆ ಮಾಡುವುದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಎಫ್‌ಐಆರ್ ಹಾಕಿದರೆ ಪತ್ತೆ ಮಾಡಬೇಕು. ಪತ್ತೆಯಾಗದಿದ್ದರೆ ಮೇಲಿನವರ ಮೀಟಿಂಗಿನಲ್ಲಿ ಉತ್ತರ ಹೇಳಬೇಕು. ಸಿಬ್ಬಂದಿ ಕಡಿಮೆ, ಬಂದೋಬಸ್ತ್ ಜಾಸ್ತಿ. ಅವರ ಕಷ್ಟ ಸುಳ್ಳಲ್ಲ. ಆದರೆ ಕೇಸು ಜಾಸ್ತಿ ದಾಖಲಾದ ಠಾಣೆಯನ್ನು ಕೆಟ್ಟ ಠಾಣೆ ಅಂತ ಅಳೆಯುವವರೆಗೂ ಯಾವ ಇನ್‌ಸ್ಪೆಕ್ಟರ್ ಸುಮ್ನೆ ಮೈಮೇಲೆ ಎಳೆದುಕೊಳ್ಳುತ್ತಾರೆ? ಈ ಅಳತೆಗೋಲು ತಮ್ಮ ಕೈಯಲ್ಲಿದೆ ಗೃಹ ಸಚಿವರೇ, ಠಾಣೆಯವರ ಕೈಯಲ್ಲಿಲ್ಲ.

ಮೊಬೈಲ್ ಹೋದಾಗಲೂ ಇದೇ ಕತೆ. 2023ರ ಮೇ ತಿಂಗಳಿಂದ ದೇಶವೆಲ್ಲ ಬಳಸಬಹುದಾದ ಸಿಇಐಆರ್ ವ್ಯವಸ್ಥೆಯಲ್ಲಿ ಕಳವಾದ ಫೋನನ್ನು ಐಎಂಇಐ ನಂಬರ್ ಕೊಟ್ಟು ಬ್ಲಾಕ್ ಮಾಡಿಸಬಹುದು. ಒಳ್ಳೆಯ ವ್ಯವಸ್ಥೆ. ಆದರೆ ಅದಕ್ಕೆ ಪೊಲೀಸ್ ದೂರಿನ ಪ್ರತಿ ಬೇಕು. ಪ್ರತಿ ಬೇಗ ಸಿಗಲಿ ಅಂತ ಜನ "ಕಳೆದುಹೋಗಿದೆ" ಅಂತಲೇ ಬರೆದುಕೊಡುತ್ತಾರೆ. ಫೋನ್ ಬ್ಲಾಕ್ ಆಗುತ್ತದೆ, ಕಳ್ಳತನ ಮಾತ್ರ ದಾಖಲಾಗುವುದಿಲ್ಲ. ಫೋನಿನ ಜೊತೆ ಸಿಮ್ಮೂ ಹೋಗುತ್ತದೆ, ಸಿಮ್ಮಿಗೇ ಒಟಿಪಿ ಬರುತ್ತದೆ. ಖಾತೆಯಿಂದ ದುಡ್ಡು ಹೋದರೆ 1930ಕ್ಕೆ ಫೋನ್ ಮಾಡಬೇಕು ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದರೂ ಯಾವ ಫೋನಿಂದ ಮಾಡುವುದು? ನಿಲ್ದಾಣದ ವಿಚಾರಣಾ ಕೌಂಟರಿನಲ್ಲಿ ಒಂದು ಫೋನಿಟ್ಟು, ಪಕ್ಕದಲ್ಲಿ 112 ಮತ್ತು 1930 ಅಂತ ದೊಡ್ಡದಾಗಿ ಬರೆದರೆ ಎಷ್ಟು ಖರ್ಚಾದೀತು?

ಈಗ ಸಾರಿಗೆ ಸಚಿವರ ಹತ್ತಿರ ಸ್ವಲ್ಪ ಮಾತಾಡಬೇಕು. ಕಳ್ಳತನ ಎಲ್ಲಿ ಆಗುತ್ತದೆ ಅಂತ ತಾವು ಒಮ್ಮೆ ಜಿಲ್ಲಾ ಕೇಂದ್ರದ ಯಾವುದಾದರೂ ನಿಲ್ದಾಣಕ್ಕೆ ಸಂಜೆ ಹೊತ್ತು, ಬೆಂಗಾವಲು ಇಲ್ಲದೆ ಬಂದು ನೋಡಬೇಕು. ಓಡುವ ಬಸ್ಸಿನಲ್ಲಿ ಆಗುವುದಕ್ಕಿಂತ ಜಾಸ್ತಿ ಬಾಗಿಲಲ್ಲಿ ಆಗುತ್ತದೆ. ನಿಲ್ದಾಣದಿಂದ ಹೊರಡಬೇಕಾದ ಹೊತ್ತಿಗೇ ಬಸ್ಸು ಡಿಪೋದಿಂದ ಬರುತ್ತದೆ, ಕೆಲವೊಮ್ಮೆ ಅದೂ ತಡ. ಪ್ಲಾಟ್‌ಫಾರಂ ಮೂರು ಅಂತ ಬೋರ್ಡ್ ಇರುತ್ತದೆ, ಬಸ್ಸು ಐದರಲ್ಲಿ ನಿಲ್ಲುತ್ತದೆ. ಪೂರ್ತಿ ನಿಲ್ಲುವ ಮೊದಲೇ ಜನ ಓಡುತ್ತಾರೆ. ಗಂಡಸರು ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರೆ. ಹೆಂಗಸರು ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಚೀಲ ಹಿಡಿದು ಬಾಗಿಲಿಗೆ ನುಗ್ಗುತ್ತಾರೆ. ವ್ಯಾನಿಟಿ ಬ್ಯಾಗು ಬೆನ್ನ ಹಿಂದೆ ಜೋತಾಡುತ್ತಿರುತ್ತದೆ. ಆಗ ಮೆಟ್ಟಿಲ ಮೇಲೆ ಒಬ್ಬರು ಬೇಕಂತಲೇ ನಿಂತುಬಿಡುತ್ತಾರೆ. "ಚಪ್ಪಲಿ ಸಿಕ್ಕಾಕ್ಕೊಂಡಿದೆ, ತಡೀರಿ" ಅಂತಲೋ, ಚಿಲ್ಲರೆ ಬಿತ್ತು ಅಂತಲೋ. ಹಿಂದಿನಿಂದ ಇನ್ನೊಬ್ಬರು ತಳ್ಳುತ್ತಾರೆ. ಮಧ್ಯದಲ್ಲಿ ಸಿಕ್ಕಿಕೊಂಡವರ ಬ್ಯಾಗಿನ ಮೇಲೆ ಸೆರಗೋ ವೇಲೋ ಬೀಳುತ್ತದೆ. ಅದರ ಕೆಳಗೆ ಒಂದು ಕೈ. ಜಿಪ್ ಎಳೆಯುತ್ತದೆ, ಇಲ್ಲ ಬ್ಲೇಡ್ ಹಾಕುತ್ತದೆ. ನೂಕು ಮುಗಿಯುವಷ್ಟರಲ್ಲಿ ಕೆಲಸವೂ ಮುಗಿದಿರುತ್ತದೆ. ಮೆಟ್ಟಿಲ ಮೇಲೆ ನಿಂತವರು "ಅಯ್ಯೋ, ಇದು ನಮ್ಮ ಬಸ್ಸಲ್ಲ" ಅಂತ ಇಳಿದು ಹೋಗುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೂಗಿಕೊಂಡಾಗ ಇಳಿದವರು ಜನರ ಮಧ್ಯೆ ಕರಗಿ ಹೋಗಿದ್ದರು.

ಈ ನೂಕುನುಗ್ಗಲು ಕಳ್ಳರು ಮಾಡಿದ್ದಲ್ಲ, ನಾವು ಮಾಡಿಕೊಟ್ಟದ್ದು. ಬಸ್ಸು ಹತ್ತು ನಿಮಿಷ ಮೊದಲೇ ತನ್ನ ಪ್ಲಾಟ್‌ಫಾರಂಗೆ ಬಂದು ನಿಂತರೆ, ಕಂಡಕ್ಟರ್ ಬಾಗಿಲಲ್ಲಿ ನಿಂತು ಸಾಲಾಗಿ ಹತ್ತಿಸಿದರೆ, ಕಳ್ಳರಿಗೆ ಬೇಕಾದ ಆ ಅರ್ಧ ನಿಮಿಷ ಸಿಗುವುದಿಲ್ಲ. ಇದಕ್ಕೆ ಹೊಸ ಯೋಜನೆ ಬೇಡ, ಟೆಂಡರ್ ಬೇಡ. ನಿಲ್ದಾಣಾಧಿಕಾರಿ ತನ್ನ ಕೋಣೆಯಿಂದ ಹೊರಗೆ ಬಂದರೆ ಸಾಕು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಕಳ್ಳತನದ ಮಾತು ಎತ್ತಿದರೆ ಸಾಕು, "ಫ್ರೀ ಮಾಡಿದ್ದಕ್ಕೇ ಹೀಗೆ" ಅನ್ನುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಬಸ್ಸು ತುಂಬಿದೆ ಅಂದರೆ ಹೆಣ್ಣುಮಕ್ಕಳು ಮನೆಯಿಂದ ಹೊರಗೆ ಬಂದಿದ್ದಾರೆ ಅಂತ ಅರ್ಥ. ಅದು ಒಳ್ಳೆಯದೇ. ಆದರೆ ಬನ್ನಿ ಅಂತ ಕರೆದ ಮೇಲೆ ಬಂದವರ ಬ್ಯಾಗು ಕಾಯುವುದೂ ಕರೆದವರ ಕೆಲಸ ಅಲ್ವಾ? ನಿಲ್ದಾಣದಲ್ಲಿ ಬೋರ್ಡ್ ಇದೆ: "ನಿಮ್ಮ ವಸ್ತುಗಳಿಗೆ ನೀವೇ ಜವಾಬ್ದಾರರು." ಪಕ್ಕದಲ್ಲಿ ಇನ್ನೊಂದು: "ಜೇಬುಗಳ್ಳರಿದ್ದಾರೆ, ಎಚ್ಚರಿಕೆ." ಅದನ್ನು ಓದಿದ ತಕ್ಷಣ ಜನ ದುಡ್ಡಿಟ್ಟ ಜಾಗವನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಾರೆ. ಎದುರಿಗೆ ನಿಂತವನಿಗೆ ಇನ್ನೇನು ಬೇಕು!

ಶಕ್ತಿ ಟಿಕೆಟ್ಟಿನಿಂದ ಒಂದು ಉಪಕಾರವೂ ಆಗಿದೆ, ಯಾರೂ ಬಳಸಿಕೊಂಡಿಲ್ಲ. ಯಂತ್ರದಿಂದ ಬರುವ ಆ ಚೀಟಿಯಲ್ಲಿ ಹತ್ತಿದ ಊರು, ಇಳಿಯುವ ಊರು, ದಿನ, ಸಮಯ ಎಲ್ಲ ಇರುತ್ತದೆ. ಆಯಮ್ಮ ಆ ಬಸ್ಸಿನಲ್ಲಿದ್ದರು ಅನ್ನುವುದಕ್ಕೆ ಸರ್ಕಾರವೇ ಕೊಟ್ಟ ಸಾಕ್ಷಿ ಅದು. ಠಾಣೆಯಲ್ಲಿ ಒಡವೆಯ ಬಿಲ್ಲು ಕೇಳಿದರು, ಬಸ್ಸಿನ ಟಿಕೆಟ್ ಕೇಳಲಿಲ್ಲ.

ಕಂಡಕ್ಟರ್‌ಗಳ ವಿಷಯ. ಅವರಿಗೆ ಎಷ್ಟೋ ಮುಖ ಗೊತ್ತು. "ಮೂರು ಜನ ಹತ್ತುತ್ತಾರೆ ಸಾರ್, ಬೇರೆ ಬೇರೆ ನಿಲ್ಲುತ್ತಾರೆ, ಒಟ್ಟಿಗೆ ಇಳಿಯುತ್ತಾರೆ" ಅಂತ ನನಗೇ ಒಬ್ಬರು ಹೇಳಿದ್ದಾರೆ. ಹಾಗಾದರೆ ಪೊಲೀಸರಿಗೆ ಯಾಕೆ ಹೇಳಲ್ಲ ಅಂದೆ. ಬಸ್ಸನ್ನು ಠಾಣೆಗೆ ತಿರುಗಿಸಿದರೆ ಟ್ರಿಪ್ ಲೇಟಾಗುತ್ತದೆ, ಡಿಪೋದಲ್ಲಿ ವಿವರಣೆ ಕೊಡಬೇಕು. ಸಾಕ್ಷಿ ಅಂತ ಹೆಸರು ಬರೆಸಿದರೆ ಕೋರ್ಟಿಗೆ ಅಲೆಯಬೇಕು, ರಜೆ ತಮ್ಮದು. ಮರುದಿನ ಅದೇ ಜನ ಅದೇ ಬಸ್ಸು ಹತ್ತಿದರೆ ಎದುರಿಸಬೇಕಾದವರೂ ಅವರೇ. ಅವರು ಬಾಯಿ ಬಿಡಬೇಕಾದರೆ ನಿಗಮ ಅವರ ಬೆನ್ನಿಗೆ ನಿಲ್ಲಬೇಕು. ಕಳ್ಳತನದ ಕಾರಣಕ್ಕೆ ಟ್ರಿಪ್ ತಡವಾದರೆ ಕಾರಣ ಕೇಳಬಾರದು, ಸಾಕ್ಷಿ ಹೇಳಲು ಹೋದ ದಿನ ಕೆಲಸದ ದಿನ ಅಂತಲೇ ಬರೆಯಬೇಕು.

ಹೆಣ್ಣುಮಕ್ಕಳ ಮೈಮೇಲೆ ಕೈ ಹಾಕುವವರ ಬಗ್ಗೆ ಇಲ್ಲಿ ಜಾಸ್ತಿ ಬರೆಯುತ್ತಿಲ್ಲ. ಅದಕ್ಕೇ ಬೇರೆ ಪತ್ರ ಬೇಕು. ಇಷ್ಟಂತೂ ಹೇಳಬೇಕು: ಒಡವೆ ಕಳೆದುಕೊಂಡವರನ್ನೇ ಎರಡು ಠಾಣೆ ಅಲೆಸುವಾಗ, ಕಾಲೇಜಿನ ಹುಡುಗಿಯೊಬ್ಬಳು ಅಂಥ ದೂರು ಹಿಡಿದು ಮೊದಲ ಠಾಣೆಯ ಮೆಟ್ಟಿಲನ್ನಾದರೂ ಹತ್ತುತ್ತಾಳೆಯೇ? ಮುಂದಿನ ಸ್ಟಾಪಿನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುತ್ತಾಳೆ, ಅಷ್ಟೇ.

ರೈಲಿನಲ್ಲಿ ಎಲ್ಲ ಸರಿ ಇದೆ ಅಂತ ನಾನು ಹೇಳುವುದಿಲ್ಲ. ಆದರೆ ಅಲ್ಲಿ ಒಂದು ದಾರಿಯಾದರೂ ಇದೆ. ರೈಲ್ವೆ ಪೊಲೀಸರಿಗೆ ಬೇರೆ ಠಾಣೆಗಳಿವೆ. 139ಕ್ಕೆ ಫೋನ್ ಮಾಡಬಹುದು. ಓಡುವ ರೈಲಿನಲ್ಲಿ ಕಳವಾದರೆ ಟಿಟಿಇ ಅಥವಾ ಗಾರ್ಡ್ ಹತ್ತಿರ ದೂರಿನ ಫಾರಂ ಪಡೆದು ತುಂಬಿಕೊಡುವ ಪದ್ಧತಿ ಇದೆ. ಪ್ರಯಾಣ ನಿಲ್ಲಿಸಿ ಇಳಿಯಬೇಕಾಗಿಲ್ಲ, ಫಾರಂ ಮುಂದಿನ ಠಾಣೆಗೆ ಹೋಗುತ್ತದೆ. ರಾಜ್ಯದ ನಾಲ್ಕು ಸಾರಿಗೆ ನಿಗಮಗಳ ಕಂಡಕ್ಟರ್‌ಗಳ ಚೀಲದಲ್ಲಿ ಅಂಥ ಒಂದು ಫಾರಂ ಪುಸ್ತಕ ಯಾಕೆ ಇರಬಾರದು? ಮೂರು ಪ್ರತಿ. ಒಂದು ಪ್ರಯಾಣಿಕರಿಗೆ, ಒಂದು ಡಿಪೋಗೆ, ಒಂದು ದಾರಿಯಲ್ಲಿ ಸಿಗುವ ಮೊದಲ ಠಾಣೆಗೆ. ಅಷ್ಟೂ ಜನರನ್ನು ಬಿಸಿಲಲ್ಲಿ ಇಳಿಸಿ ಚೀಲ ತಡಕಾಡುವುದಕ್ಕಿಂತ ಇದು ವಾಸಿ. ಈ ಪತ್ರದಲ್ಲಿ ನನ್ನ ಮುಖ್ಯ ಬೇಡಿಕೆ ಇದೇ.

ಇದರ ಜೊತೆ ಗೃಹ ಇಲಾಖೆಯಿಂದ ಒಂದು ಸುತ್ತೋಲೆ ಬೇಕು. ಬಸ್ಸು ಹಾದುಹೋಗುವ ದಾರಿಯ ಯಾವ ಠಾಣೆಗೆ ಹೋದರೂ ದೂರು ತೆಗೆದುಕೊಳ್ಳಬೇಕು ಅಂತ, 173 ಮತ್ತು 203ನೇ ಕಲಂ ಹೆಸರಿಸಿಯೇ ಅದರಲ್ಲಿ ಬರೆಯಬೇಕು. ಅದನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಪ್ರತಿ ನಿಲ್ದಾಣದಲ್ಲಿ "ನೀವೇ ಜವಾಬ್ದಾರರು" ಬೋರ್ಡಿನ ಪಕ್ಕ ಹಾಕಬೇಕು. ಠಾಣೆ ಒಪ್ಪದಿದ್ದರೆ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ದೂರು ಕಳಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬಹುದು ಅನ್ನುವುದೂ ಅದರಲ್ಲಿರಲಿ. ನಿಲ್ದಾಣದ ಕ್ಯಾಮೆರಾ ದೃಶ್ಯವನ್ನು ದೂರು ಬಂದ ದಿನವೇ ತೆಗೆದಿಡುವ ಹೊಣೆ ಒಬ್ಬ ಅಧಿಕಾರಿಯ ಹೆಸರಿಗೆ ಇರಲಿ. ಸಂಜೆ ಹೊತ್ತು, ಜಾತ್ರೆ, ಮದುವೆ ಸೀಸನ್‌ನಲ್ಲಿ ಮಫ್ತಿಯಲ್ಲಿ ಮಹಿಳಾ ಪೊಲೀಸರು ಬಾಗಿಲುಗಳ ಹತ್ತಿರ ನಿಲ್ಲಲಿ. ಪೊಲೀಸ್ ಔಟ್‌ಪೋಸ್ಟ್ ಇರುವ ಕಡೆ ಅದರ ಬಾಗಿಲು ತೆರೆದಿರಲಿ, ನಾನು ನೋಡಿದ ಒಂದು ಔಟ್‌ಪೋಸ್ಟಿನಲ್ಲಿ ಬ್ಯಾರಿಕೇಡ್ ತುಂಬಿಟ್ಟಿದ್ದಾರೆ.

ಕೊನೆಯದಾಗಿ, ಲೆಕ್ಕ ಕೊಡಿ. ಯಾವ ನಿಲ್ದಾಣದಲ್ಲಿ, ಯಾವ ರೂಟಿನಲ್ಲಿ, ಯಾವ ಹೊತ್ತಿನಲ್ಲಿ ಎಷ್ಟು ಕಳ್ಳತನ ಆಯಿತು ಅಂತ ಮೂರು ತಿಂಗಳಿಗೊಮ್ಮೆ ನಿಲ್ದಾಣದಲ್ಲೇ ಅಂಟಿಸಿ. "ಕಳೆದುಹೋಗಿದೆ" ಅಂತ ಬರೆಸಿಕೊಂಡವುಗಳನ್ನೂ ಪಕ್ಕದಲ್ಲೇ ತೋರಿಸಿ. ದೂರು ತೆಗೆದುಕೊಳ್ಳಲು ಶುರು ಮಾಡಿದ ಮೊದಲ ವರ್ಷ ಸಂಖ್ಯೆ ಖಂಡಿತ ಏರುತ್ತದೆ, ಸದನದಲ್ಲಿ ವಿರೋಧ ಪಕ್ಷದವರು ಗಲಾಟೆ ಮಾಡುತ್ತಾರೆ. ಆಗ ಹೆದರಿ ಠಾಣೆಗಳ ಮೇಲೆ ಹರಿಹಾಯಬೇಡಿ ಅಂತ ಗೃಹ ಸಚಿವರಲ್ಲಿ ವಿಶೇಷವಾಗಿ ಕೇಳಿಕೊಳ್ಳುತ್ತೇನೆ.

ಫಾರಂ ಪುಸ್ತಕ ಮತ್ತು ಸುತ್ತೋಲೆ, ಇವೆರಡನ್ನಾದರೂ ಮುಂದಿನ ಮದುವೆ ಸೀಸನ್ ಒಳಗೆ ಮಾಡಿಸಿಕೊಡಿ. ಮೊದಲು ನಮ್ಮ ಜಿಲ್ಲೆಯಲ್ಲೇ ಪ್ರಯೋಗ ಮಾಡುವುದಾದರೆ ಫಾರಂ ಕನ್ನಡದಲ್ಲಿ ಹೇಗಿರಬೇಕು ಅಂತ ಕರಡು ಬರೆದುಕೊಡಲು ನಾನೂ ವಕೀಲರೂ ಸಿದ್ಧರಿದ್ದೇವೆ. ಬಸ್ಸಿನಲ್ಲಿ ಹೇಗೂ ಒಂದು ಗಂಟೆ ಪುರುಸೊತ್ತು ಇರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ದಿನಾ ಬಸ್ಸಲ್ಲಿ ಓಡಾಡುವ ಒಬ್ಬ ಪ್ರಯಾಣಿಕ

ಪ್ರತಿ: ಪೊಲೀಸ್ ಮಹಾನಿರ್ದೇಶಕರು ಹಾಗೂ ನಾಲ್ಕೂ ಸಾರಿಗೆ ನಿಗಮಗಳ ವ್ಯವಸ್ಥಾಪಕ ನಿರ್ದೇಶಕರಿಗೆ, ಮಾಹಿತಿಗಾಗಿ ಮತ್ತು ಕ್ರಮಕ್ಕಾಗಿ.